ಕಾಕು ಆರಿಸಿದ ಉರಿ

ಮೊನ್ನೆ ಸಂಜೆ ಒಣಗಿದ ಬಟ್ಟೆ ತರಲೆಂದು ಮಾಳಿಗೆ ಹತ್ತಿದ್ದೆ. ಹಿಂದಿನ ಮನೆಯವರು ಹೊಸದಾಗಿ ಒಂದು ಗ್ಯಾಸ್ ಬಾರ್ಬೆಕ್ಯೂ ತಂದು ತಮ್ಮ ಮಾಳಿಗೆಯ ಮೇಲೆ ಇಟ್ಟಿದ್ದರು. ಮೊದಲು ಹಸಿ ಗ್ಯಾಸಿನ ವಾಸನೆ ಬಂತು. ಅದರ ಹಿಂದೆಯೇ ಬದನೆಕಾಯಿಯ ಸಿಪ್ಪೆ ಸುಡುವ ವಾಸನೆ. ಇವೆರಡೂ ಹೀಗೆ ಒಂದರ ಬೆನ್ನಿಗೆ ಒಂದು ಬಂದು ಎಷ್ಟೋ ವರ್ಷಗಳಾಗಿದ್ದವು. ಬಟ್ಟೆ ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಬಾಜೂ ಮನೆಯ ಕಾಕು, ಓಣಿಗೆಲ್ಲ ಚಿಕ್ಕಮ್ಮನಂತಿದ್ದವರು, ನೆನಪಾದರು...

ನಾನು ಔರಾದ ಕಡೆಯ ಡಾಬಕಾದಿಂದ ಮದುವೆಯಾಗಿ ಬೀದರಿಗೆ ಬಂದಾಗ ನನಗೆ ಈ ಊರಿನಲ್ಲಿ ಮೊದಲು ಸಿಕ್ಕ ಜೀವ ಅವರು. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವರ ಗಂಡ ಕಾಕಾ ಅವರದು ಗಾಂಧಿ ಗಂಜಿನ ಧಾನ್ಯದ ಪೇಟೆಯಲ್ಲಿ ಅಡತಿ ಅಂಗಡಿ. ತೊಗರಿ, ಕಡಲೆ ಬರುವ ಹಂಗಾಮಿನಲ್ಲಿ ಅವರು ಮನೆ ಕಡೆ ಬರುತ್ತಿದ್ದದ್ದು ಊಟಕ್ಕೆ, ನಿದ್ದೆಗೆ, ಅಷ್ಟೇ. ಮಕ್ಕಳಿರಲಿಲ್ಲ. ಕಾಕು ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಹೊರಗೆ ಬಂದರೆಂದರೆ ಓಣಿಗೆ ಬೆಳಗಾಯಿತೆಂದೇ ಲೆಕ್ಕ. ದೊಡ್ಡ ದನಿ. ಮಾತು ಕಡ್ಡಿ ಮುರಿದ ಹಾಗೆ. ಆ ದನಿಗೆ ನಾನು ಮೊದಮೊದಲು ಹೆದರುತ್ತಿದ್ದೆ. ನನಗೆ ಜ್ವರ ಬಂದಾಗ ಅದೇ ದನಿಯಲ್ಲಿ ಬೈಯುತ್ತ ಗಂಜಿ ಕುಡಿಸಿದ ಮೇಲೆ ಹೆದರಿಕೆ ಹೋಯಿತು.

ಅವರ ತವರು ಕಮಠಾಣ. ತಾಯಿ ಬೇಗ ತೀರಿಕೊಂಡಿದ್ದರಿಂದ ಇದ್ದ ಒಬ್ಬ ತಮ್ಮನನ್ನು ಇವರೇ ಬೆಳೆಸಿದ್ದರು. ಚಳಿಗಾಲದಲ್ಲಿ ಹೊಲದಲ್ಲಿ ಎಳೆ ಜೋಳದ ತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಆ ಬಿಸಿ ಸೀತನಿಯನ್ನು ಮೊದಲು ತಮ್ಮನ ಬಾಯಿಗೆ ಹಾಕುತ್ತಿದ್ದರಂತೆ. ಅವನು ತಿಂದು ಸಾಕೆಂದ ಮೇಲೆ ತಾವು. ಇದನ್ನು ಅವರು ಎಷ್ಟು ಸಲ ಹೇಳಿದ್ದರೋ... ಹೇಳುವಾಗ ಅಂಗೈಗಳು ತಾವಾಗಿಯೇ ತಿಕ್ಕಿಕೊಳ್ಳುತ್ತಿದ್ದವು. ಆ ತಮ್ಮ ಆಗ ಭಾಲ್ಕಿಯಲ್ಲಿ ಬಟ್ಟೆ ಅಂಗಡಿ ಇಟ್ಟು ಚೆನ್ನಾಗಿದ್ದರು. ಅವರಿಗೊಬ್ಬಳು ಮಗಳು. ಕಾಕುಗೆ ಆಕೆಯೆಂದರೆ ಪ್ರಾಣ.

"ಶಹರದಾಗ ಬಂದು ಸುಟ್ಟಿದ್ದು ತಿನ್ನೋದ ಮರ್ತೋಯ್ತು ನೋಡ ತಂಗಿ," ಎಂದು ಕಾಕು ಆಗಾಗ ಹಲುಬುತ್ತಿದ್ದರು. ಅದಕ್ಕೇ ಇರಬೇಕು, ಕಾಕಾ ಅವರ ಪರಿಚಯದವರೊಬ್ಬರು ಹೈದರಾಬಾದ್ ರಸ್ತೆಯ ಢಾಬಾ ಮುಚ್ಚಿ ಸಾಮಾನು ಹಂಚುವಾಗ, ಕಾಕಾ ಒಂದು ಗ್ಯಾಸ್ ಬಾರ್ಬೆಕ್ಯೂ ಹಿಡಿದುಕೊಂಡು ಬಂದರು. ಕೈಗಾಡಿಯ ಮೇಲೆ ಅದು ಬಂದಿಳಿದಾಗ ಇಡೀ ಓಣಿ ನೋಡಲು ಬಂತು. ನಾಲ್ಕು ಕಾಲು, ಒಂದು ಕಬ್ಬಿಣದ ಪೆಟ್ಟಿಗೆ, ಮೇಲೆ ಗುಮ್ಮಟದಂಥ ಮುಚ್ಚಳ. ಆ ಇಂಗ್ಲಿಷ್ ಹೆಸರು ಕಾಕು ಬಾಯಿಗೆ ಹತ್ತಲಿಲ್ಲ. ಗ್ಯಾಸಿನ ಅಗ್ಗಿಷ್ಟಿಗಿ ಎಂದು ಅವರೇ ಹೆಸರಿಟ್ಟರು.

ಮೊದಲ ದಿನವೇ ಅನಾಹುತವಾಯಿತು. ಹಿತ್ತಲಲ್ಲಿ ಇಟ್ಟು, ಮುಚ್ಚಳ ಮುಚ್ಚಿದ್ದಂತೆಯೇ ಗ್ಯಾಸ್ ಬಿಟ್ಟು, ಕಾಕು ಬಟನ್ ಒತ್ತಿದರು. ಹತ್ತಲಿಲ್ಲ. ಮತ್ತೆ ಒತ್ತಿದರು, ಹತ್ತಲಿಲ್ಲ. ಗ್ಯಾಸ್ ಬಂದ್ ಮಾಡುವುದು ತೋಚಲಿಲ್ಲ. ಕೊನೆಗೆ ಮುಚ್ಚಳ ಎತ್ತಿ ಕಡ್ಡಿ ಗೀರಿದರು. ಒಳಗೆ ತುಂಬಿಕೊಂಡಿದ್ದ ಗ್ಯಾಸೆಲ್ಲ ಒಮ್ಮೆಲೇ ಭಕ್ಕೆಂದಿತು. ಗೋಡೆಯ ಈಚೆಯಿಂದ ನೋಡುತ್ತಿದ್ದ ನಾನು ಹೇಗೆ ಆಚೆ ಹೋದೆನೋ ತಿಳಿಯದು. ಹುಬ್ಬು, ಮುಂಗೂದಲು ಸುಟ್ಟು ಮುದುಡಿದ್ದವು, ಬಲಗೈ ಮೊಣಕೈವರೆಗೆ ಕೆಂಪಾಗಿತ್ತು. ನಳದ ಕೆಳಗೆ ಕೈ ಹಿಡಿದುಕೊಂಡು ಕಾಕು ಬಹಳ ಹೊತ್ತು ಕೂತರು. ಆಮೇಲೆ, "ಹುಬ್ಬು ಹೋದ್ರ ಬರ್ತಾವ. ಕಣ್ಣು ಉಳದಾವ ಸಾಕು," ಎಂದರು.

ಬೇರೆಯವರಾಗಿದ್ದರೆ ಅದನ್ನು ಗುಜರಿಗೆ ಹಾಕುತ್ತಿದ್ದರು. ಕಾಕು ಕೈಯ ಪಟ್ಟಿ ಬಿಚ್ಚುವ ಮೊದಲೇ ಗ್ಯಾಸ್ ಒಲೆ ರಿಪೇರಿ ಅಂಗಡಿಗೆ ಹೋಗಿ ಕೂತು, ಅದರ ರೀತಿ ರಿವಾಜು ಕೇಳಿಕೊಂಡು ಬಂದರು. ಆಮೇಲೆ ಒಲೆ ಹಚ್ಚುವುದೂ ಅವರಿಗೆ ಪೂಜೆಯಷ್ಟೇ ಮಡಿಯ ಕೆಲಸವಾಯಿತು. ಗೋಡೆಯಿಂದ ದೂರ, ಬಯಲಲ್ಲೇ ಇಡಬೇಕು. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಪೈಪು ಬಿಸಿ ಪೆಟ್ಟಿಗೆಗೆ ತಾಗಬಾರದು. ಸಾಬೂನು ನೊರೆ ಪೈಪಿಗೆ ಸವರಿ ಗುಳ್ಳೆ ಏಳುತ್ತವೇನೋ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಮುಚ್ಚಳ ತೆರೆದ ಮೇಲೇ ಗ್ಯಾಸ್ ಬಿಡುವುದು. ಹತ್ತದಿದ್ದರೆ ಬಂದ್ ಮಾಡಿ, ಗಾಳಿಗೆ ಬಿಟ್ಟು, ಒಂದು ತಾಟು ಮೆಣಸಿನಕಾಯಿ ತೊಟ್ಟು ಮುರಿದು ಬಂದು ಮತ್ತೆ ಹಚ್ಚುವುದು. ಮುಗಿದ ಮೇಲೆ ತಳದ ತಟ್ಟೆಯಲ್ಲಿ ನಿಂತ ಎಣ್ಣೆ ಜಿಡ್ಡು ತೊಳೆಯದೆ ಒಳಗೆ ಬರುತ್ತಿರಲಿಲ್ಲ. ಸೆರಗು ಸೊಂಟಕ್ಕೆ ಬಿಗಿದಿರುತ್ತಿದ್ದರು. ಮಕ್ಕಳು ಹತ್ತಿರ ಬಂದರೆ ಆ ದೊಡ್ಡ ದನಿ ಏಳುತ್ತಿತ್ತು.

ಹೀಗೆ ಎರಡು ಮಳೆಗಾಲ, ಎರಡು ಚಳಿಗಾಲ ಆ ಹಿತ್ತಲು ನಮಗೆಲ್ಲ ಹಬ್ಬವಾಗಿತ್ತು. ಬದನೆಕಾಯಿ, ಮೆಕ್ಕೆಜೋಳದ ತೆನೆ, ಗೆಣಸು, ಕಮಠಾಣದಿಂದ ಯಾರಾದರೂ ತಂದುಕೊಟ್ಟರೆ ಜೋಳದ ಎಳೆ ತೆನೆ. ಸುಟ್ಟ ಬದನೆಕಾಯಿಗೆ ಹಸಿ ಉಳ್ಳಾಗಡ್ಡಿ, ಶೇಂಗಾ ಪುಡಿ ಹಾಕಿ ಕಲಸಿ ರೊಟ್ಟಿಯ ಮೇಲಿಟ್ಟು ಗೋಡೆಯ ಮೇಲಿಂದ ಕೊಡುತ್ತಿದ್ದರು. ನಾನು ಬಸುರಿದ್ದಾಗ ಅದನ್ನು ಬಿಟ್ಟು ಬೇರೇನೂ ಬಾಯಿಗೆ ಸೇರುತ್ತಿರಲಿಲ್ಲ...

ಆಮೇಲೆ ಭಾಲ್ಕಿಯ ತಮ್ಮನ ಮಗಳಿಗೆ ಸಂಬಂಧ ಕೂಡಿ ಬಂತು. ಗಂಡಿನ ಕಡೆಯವರು ಔರಾದಿನವರು. ನಿಶ್ಚಯದ ಸಂಜೆ ಬೀಗರಿಗೆ ಏನಾದರೂ ಹೊಸದು ತಿನ್ನಿಸಬೇಕೆಂದು ಕಾಕುವಿನ ತಮ್ಮ ತಾವೇ ಬೀದರಿಗೆ ಬಂದು, "ಅಕ್ಕಾ, ನಿನ್ನ ಅಗ್ಗಿಷ್ಟಿಗಿ ತಗೊಂಡ ಬರಬೇಕು," ಎಂದು ಹೇಳಿಹೋದರು. ಕಾಕುಗೆ ಸಡಗರವೋ ಸಡಗರ. ಗಾಡಿಯಲ್ಲಿ ಒಲೆ, ಸಿಲಿಂಡರ್, ಚೀಲದ ತುಂಬ ತೆನೆ. "ನಿಮ್ಮ ಕಡಿ ಮಂದಿ ಬರ್ತಾರ, ನೀನೂ ಬಾ," ಎಂದು ನನ್ನನ್ನೂ ಕೂರಿಸಿಕೊಂಡರು. ದಾರಿಯುದ್ದಕ್ಕೂ ಸೋದರಸೊಸೆಯ ಸುದ್ದಿಯೇ.

ಭಾಲ್ಕಿಯ ಮನೆಯ ಅಂಗಳದಲ್ಲಿ ಒಲೆ ಹಚ್ಚಿದ್ದಾಯಿತು. ಮಾತುಕತೆ ಮುಗಿದು, ಹುಡುಗಿಗೆ ಉಡಿ ತುಂಬಿ, ಎಲ್ಲರೂ ನಗುನಗುತ್ತ ಅಂಗಳಕ್ಕೆ ಬಂದಿದ್ದರು. ಮೊದಲ ತೆನೆಗಳು ಚಟಪಟ ಅನ್ನುತ್ತಿದ್ದಂತೆ ಮಳೆ ಹನಿಯತೊಡಗಿತು. ಬೀಗರೆಲ್ಲ ಓಡಿ ಪಕ್ಕದ ತಗಡಿನ ಶೆಡ್ಡಿನೊಳಗೆ ಸೇರಿಕೊಂಡರು. ಅದು ಅಂಗಡಿಯ ಬಟ್ಟೆ ಗಂಟು, ರಟ್ಟಿನ ಡಬ್ಬಿ ಇಡುವ ಜಾಗ. ಮೂರು ಕಡೆ ಗೋಡೆ, ಮುಂದುಗಡೆ ಇಳಿಬಿಟ್ಟ ತಾಡಪತ್ರಿಯ ಪರದೆ. ಕಾಕುವಿನ ತಮ್ಮ, ಒಲೆಯ ಒಂದು ಕಡೆ ಕೈ ಹಾಕಿ, "ಎತ್ರಿ, ಒಳಗಿಟ್ಟು ಸುಡೋಣ," ಎಂದು ಇನ್ನೊಬ್ಬರನ್ನು ಕರೆದರು.

"ಬ್ಯಾಡ ತಮ್ಮಾ. ಒಳಗ ಹಚ್ಚೋದಲ್ಲ ಇದು," ಎಂದರು ಕಾಕು.

"ಯಾಕ, ಅಡಗಿ ಮನ್ಯಾಗ ಗ್ಯಾಸ್ ಹಚ್ಚಂಗಿಲ್ಲೇನು ನೀ?"

"ಅದು ಬ್ಯಾರೆ, ಇದು ಬ್ಯಾರೆ. ಇದಕ್ಕ ಬಯಲು ಬೇಕು. ಅಲ್ಲಿ ಬಟ್ಟಿ ಅವ, ಕೂಸುಗಳು ಅವ. ಹೊಗಿ ಎಲ್ಲಿ ಹೋಗಬೇಕು? ಜರಾ ತಡಿ, ಮಳಿ ನಿಂದರ್ತದ."

ತಮ್ಮ ನಕ್ಕು ಒಲೆ ಎತ್ತಲು ಬಾಗಿದರು. ಕಾಕು ಸೀದಾ ಹೋಗಿ ಸಿಲಿಂಡರ್ ಬಂದ್ ಮಾಡಿದರು. ಉರಿ ಸಣ್ಣಗಾಗಿ ಆರಿತು. ರೆಗ್ಯುಲೇಟರ್ ಕಿತ್ತು ಕೈಯಲ್ಲಿ ಹಿಡಿದುಕೊಂಡು, ಮಳೆಯಲ್ಲೇ ಸಿಲಿಂಡರಿನ ಪಕ್ಕ ನಿಂತುಬಿಟ್ಟರು.

"ಕೊಡಕ್ಕಾ ಇಲ್ಲಿ. ಬೀಗರು ನೋಡ್ಲತ್ತಾರ."

"ನೋಡ್ಲಿ. ಕೊಡಂಗಿಲ್ಲ."

ಶೆಡ್ಡಿನೊಳಗಿಂದ ವರನ ಸೋದರಮಾವ ಎಲ್ಲರಿಗೂ ಕೇಳುವಂತೆ, "ಇರಲಿ ಬಿಡ್ರಿ ಬೀಗರ. ನಿಮ್ಮ ಮನ್ಯಾಗ ಹೆಣ್ಮಕ್ಕಳ ಹುಕುಂ ನಡೀತದ ಅಂತ ನಮಗ ಯಾರೂ ಹೇಳಿದ್ದಿಲ್ಲ," ಎಂದರು. ಕೆಲವರು ನಕ್ಕರು. ತಮ್ಮನ ಮುಖ ಕಪ್ಪಿಟ್ಟಿತು. ಕಾಕುವಿನ ಹತ್ತಿರ ಬಂದು, ದನಿ ತಗ್ಗಿಸಿ, "ನನ್ನ ಮಗಳ ಕಾರ್ಯದಾಗ ನನ್ನ ಮಾನ ಕಳದಿ ನೀ. ಹೋಗು, ನಿನ್ನ ಅಗ್ಗಿಷ್ಟಿಗಿ ತಗೊಂಡು ನಿನ್ನ ಮನಿಗಿ ಹೋಗು," ಎಂದರು. ಅಡುಗೆಮನೆಯ ಬಾಗಿಲಲ್ಲಿ ಹೊಸ ಸೀರೆಯುಟ್ಟ ಹುಡುಗಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು.

ಬೀಗರು ಉಪ್ಪಿಟ್ಟು, ಭಜಿ ತಿಂದು ಹೊರಟರು. ಅವರು ಹೊರಡುವ ಹೊತ್ತಿಗೆ ಮಳೆ ನಿಂತು ಇಳಿಬಿಸಿಲೂ ಬಿದ್ದಿತ್ತು. ಅರೆಸುಟ್ಟ ತೆನೆಗಳು ತಂತಿಯ ಜಾಳಿಗೆಯ ಮೇಲೆ ಹಾಗೇ ಬಿದ್ದಿದ್ದವು. ಯಾರೂ ಮುಟ್ಟಲಿಲ್ಲ. ಬರುವಾಗ ಗಾಡಿಯಲ್ಲಿ ಕಾಕು ಒಂದೇ ಒಂದು ಸಲ ಮಾತಾಡಿದರು. "ಸಿಟ್ಟು ಇಳೀತದ ಅವನದು," ಎಂದರು.

ಇಳಿಯಲಿಲ್ಲ. ಮದುವೆಯ ದಿನ ನಿಶ್ಚಯವಾಯಿತು. ನಮ್ಮ ಓಣಿಯಲ್ಲಿ ಗುರುತಿನ ಎಲ್ಲರ ಮನೆಗೂ ಕರೆ ಬಂತು, ನಮ್ಮ ಮನೆಗೂ ಬಂತು. ಕಾಕುವಿನ ಮನೆಗೆ ಮಾತ್ರ ಯಾರೂ ಬರಲಿಲ್ಲ. ಕಾಕಾ ಸಿಟ್ಟಿನಿಂದ, "ಕರೀದ ಮನಿಗಿ ನಾವು ಹೋಗೋದ ಬ್ಯಾಡ," ಎಂದುಬಿಟ್ಟರು. ಮದುವೆಯ ಮುಂಜಾನೆ ನಾನು ಭಾಲ್ಕಿಗೆ ಹೋಗಲಿಲ್ಲ, ಕೂಸಿಗೆ ಮೈ ಬಿಸಿಯಿತ್ತು. ಗೋಡೆಯ ಆಚೆ ನೋಡಿದರೆ ಕಾಕು ತಲೆ ಸ್ನಾನ ಮಾಡಿ, ಹಸಿರು ಇಳಕಲ್ ಸೀರೆ ಉಟ್ಟು, ಪಡಸಾಲೆಯಲ್ಲಿ ಬಾಗಿಲಿಗೆ ಮುಖ ಮಾಡಿ ಕೂತಿದ್ದರು. ಪಕ್ಕದಲ್ಲಿ ಸೊಸೆಗೆ ತಂದ ಸೀರೆಯ ಚೀಲ.

"ಗಾಡಿ ಕಳಸ್ತಾನ ತಗೋ," ಎಂದರು ನನ್ನನ್ನು ನೋಡಿ. "ಅಕ್ಕನ್ನ ಬಿಟ್ಟು ಅಕ್ಷತಾ ಹಾಕಸ್ತಾನೇನು ಅವ?"

ಓಣಿಯಲ್ಲಿ ಯಾವ ಗಾಡಿ ಸದ್ದಾದರೂ ಅವರ ಕೈ ಚೀಲದ ಕಡೆ ಹೋಗುತ್ತಿತ್ತು. ಮಧ್ಯಾಹ್ನ ಹೊರಳಿತು. ಒಳಗೆ ಹೋಗಿ ಹಳೆ ಸೀರೆ ಉಟ್ಟು ಬಂದರು. ನಾನು ಏನಾದರೂ ಉಣ್ಣಿಸೋಣವೆಂದು ಹೋದರೆ ತಾಟು ಸರಿಸಿದರು. ಆಗ ಅವರು ಆಡಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ಅವತ್ತು ಒಳಗ ಹಚ್ಚಿ ಏನರ ಆಗಿದ್ರ ನಾ ಖರೇ ಅಂತಿದ್ರು ಎಲ್ಲಾರೂ. ಏನೂ ಆಗ್ಲಿಲ್ಲ. ಅದಕ್ಕ ನಾ ಕೆಟ್ಟಾಕಿ ಆದೆ, ನೋಡು ತಂಗಿ."

ಆಮೇಲೆ ಅವರು ಆ ಒಲೆಯನ್ನು ಹಚ್ಚಲೇ ಇಲ್ಲ. ಹಿತ್ತಲಲ್ಲಿ ಗೋಣಿಚೀಲ ಹೊದ್ದು ನಿಂತು ನಿಂತು ಅದರ ಕಾಲಿಗೆ ಜಂಗು ಹಿಡಿಯಿತು. ಒಂದು ದಿನ ಕಾಕಾ ಯಾರಿಗೋ ಕೊಟ್ಟುಬಿಟ್ಟರು. ಕಾಕುವಿನ ದನಿಯೂ ಸಣ್ಣಗಾಗುತ್ತ ಬಂತು, ಅಥವಾ ನನಗೆ ಹಾಗೆ ಅನಿಸಿತೋ... ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡಾಗ ಭಾಲ್ಕಿಯಿಂದ ತಮ್ಮ ಬಂದಿದ್ದರು. ವಿಭೂತಿ ಹಚ್ಚಿ ಕೂರಿಸಿದ್ದ ಅಕ್ಕನ ಮುಂದೆ ಹೂವು ಇಟ್ಟು ಹಾಗೇ ಹೊರಟುಹೋದರು. ಕಾಕಾ ಕೂಡ ಬಹಳ ದಿನ ಉಳಿಯಲಿಲ್ಲ.

ಮಾಳಿಗೆಯ ಮೇಲೆ ಆ ವಾಸನೆ ಬಂದ ವಾರದಲ್ಲೇ ನನಗೆ ಭಾಲ್ಕಿಯಲ್ಲಿ ಒಂದು ತೊಟ್ಟಿಲ ಕಾರ್ಯವಿತ್ತು. ಊಟ ಮುಗಿಸಿ ಬರುವಾಗ ಕಾಲು ತಾವಾಗಿಯೇ ಆ ಬಟ್ಟೆ ಅಂಗಡಿಯ ಕಡೆ ಹೋದವು. ಕಾಕುವಿನ ತಮ್ಮ, ಗಲ್ಲೆಯ ಹಿಂದೆ ಕೂತಿದ್ದರು. ಬಹಳ ಇಳಿದುಹೋಗಿದ್ದರು. ನಾನು ಇಂಥವಳೆಂದು ಹೇಳಿದ ಮೇಲೆ ಎದ್ದು ಕುರ್ಚಿ ಹಾಕಿದರು, ಚಹಾ ತರಿಸಿದರು. ಮಗಳು ಔರಾದಿನಲ್ಲಿ ಸುಖವಾಗಿದ್ದಾಳೆಂದರು. ಚಹಾದ ಕಪ್ಪು ಕೆಳಗಿಟ್ಟು ಕೇಳಿದರು:

"ಅಕ್ಕ ನನ್ನ ಸುದ್ದಿ ಏನರ ಆಡ್ತಿದ್ಲೇನ್ರಿ ನಿಮ್ಮ ಮುಂದ?"

ನಾನು ಏನು ಹೇಳಬೇಕೆಂದು ಯೋಚಿಸುವಷ್ಟರಲ್ಲಿ ಅವರೇ ಮುಂದುವರಿಸಿದರು. "ಮದಿವಿ ದಿನ ಆಕಿ ದಾರಿ ಕಾಯ್ದೆ ರಿ ನಾ. ಒಡಹುಟ್ಟಿದಾಕಿಗಿ ಏನು ಕರಿಯೋದು, ಸಿಟ್ಟು ಬಿಟ್ಟು ತಾನ ಬರ್ತಾಳ ಅಂದ್ಕೊಂಡೆ. ಅಕ್ಷತಾದ ವ್ಯಾಳ್ಯಾದಾಗೂ ಬಾಗಿಲ ಕಡಿನೇ ನೋಡ್ಕೋತ ನಿಂತಿದ್ದೆ. ಸ್ವಾಮ್ಯಾರು ಅವಸರ ಮಾಡಿದ್ರು. ಆಕಿ ಬರ್ಲಿಲ್ಲ. ಇಷ್ಟು ಸೊಕ್ಕು ಅದನಾ ಆಕಿಗಿ ಅಂತ ನಾನೂ ಮನಸು ಕಲ್ಲು ಮಾಡ್ಕೊಂಡೆ."

ಹೇಳಬೇಕೋ ಬಿಡಬೇಕೋ ತಿಳಿಯಲಿಲ್ಲ. ಹೇಳಿಬಿಟ್ಟೆ. ಮುಂಜಾನೆಯಿಂದ ಸೀರೆ ಉಟ್ಟು, ಚೀಲ ಇಟ್ಟುಕೊಂಡು, ನೀವು ಗಾಡಿ ಕಳಿಸುತ್ತೀರೆಂದು ಕೂತಿದ್ದರು ಎಂದು.

"ತಯಾರಾಗಿ ಕುಂತಿದ್ಲ?"

"ಹೌದ್ರಿ."

ಅವರು ಗಲ್ಲೆಯ ಮೇಲಿದ್ದ ಒಂದು ಕುಪ್ಪಸದ ಬಟ್ಟೆ ಬಿಡಿಸಿದರು, ಮಡಿಸಿದರು, ಮತ್ತೆ ಬಿಡಿಸಿದರು. "ಅವತ್ತು ಆಕಿ ಹೇಳಿದ್ದು ಖರೇ ಇತ್ತೋ ಇಲ್ಲೋ ನನಗ ಇವತ್ತೂ ತಿಳೀವಲ್ದು. ಆದ್ರ ನನ್ನ ಮಗಳ ಕಾರ್ಯ ಕೆಡಸ್ಬೇಕಂತ ಆಕಿ ಮಾಡ್ಲಿಲ್ಲ. ಇದು ನನಗ ಅವತ್ತೂ ಗೊತ್ತಿತ್ತು ರಿ." ಬಟ್ಟೆಯನ್ನು ಹಾಗೇ ಬಿಟ್ಟರು. "ಗಾಡಿ ಯಾಕ ಕಳಸ್ಬೇಕು, ನಾನ ಎದ್ದು ಹೋಗ್ಬೇಕಾಗಿತ್ತು. ಭಾಲ್ಕಿಯಿಂದ ಬೀದರ ಏನು ದೂರ ಅದ ರಿ?"

ಯಾರೋ ಗಿರಾಕಿ ಬಂದರು, ನಾನು ಎದ್ದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಭಾಲ್ಕಿಯಲ್ಲಿ ತಮ್ಮ ಬಾಗಿಲು ನೋಡಿದ್ದು, ಬೀದರಿನಲ್ಲಿ ಅಕ್ಕ ಬಾಗಿಲು ನೋಡಿದ್ದು, ನಡುವೆ ಈ ರಸ್ತೆ ಖಾಲಿ ಬಿದ್ದದ್ದು... ಅದನ್ನೇ ಯೋಚಿಸುತ್ತ ಕೂತಿದ್ದೆ. ಟಿಕೆಟು ಸೆರಗಿನ ತುದಿಗೆ ಕಟ್ಟಿಕೊಂಡು ತಲೆ ಎತ್ತುವಷ್ಟರಲ್ಲಿ, ಬೀದರ ಬಂದುಬಿಟ್ಟಿತ್ತು.