ನೀರು ಕೊಡದ ಬೇಸಿಗೆ

ಇಲ್ಲಿ ಗಲ್ಫಿನಲ್ಲಿ, ಅಲ್ ಮೀನಾ ಬಂದರಿನ ಕಾರ್ಪೆಟ್ ಅಂಗಡಿಗೆ ಬಂದವರು ಕಾರ್ಪೆಟ್ ಕೇಳುವುದು ವಾಡಿಕೆ. ಆ ಶನಿವಾರ ನನ್ನ ಮುಂದೆ ನಿಂತಿದ್ದವರು ಕಾರ್ಪೆಟ್ ಸುತ್ತಿಡುವ ರಟ್ಟಿನ ಕೊಳವೆ ಕೇಳುತ್ತಿದ್ದರು. ಖಾಲಿಯಾದದ್ದು ಎಷ್ಟಿದ್ದರೂ ಸರಿ ಎಂದರು. ಅಂಗಡಿಯವನು ಅರಬಿಯಲ್ಲಿ "ಯಲ್ಲಾ", ಅಂದರೆ ಆಗಲಿ ನಡೆಯಿರಿ, ಎಂದು ಹಿಂದಿನ ರಾಶಿಯತ್ತ ಕೈ ತೋರಿಸಿದ. ಕೊಳವೆಗಳನ್ನು ಪಿಕಪ್‌ಗೆ ಏರಿಸುವಾಗ ಒಂದು ಅವರ ಕಾಲ ಮೇಲೆ ಬಿತ್ತು. ಆಗ ಬಾಯಿಂದ ಹೊರಟ ಬೈಗುಳದಿಂದ ಅವರು ನಮ್ಮ ಕರಾವಳಿಯವರೆಂದು ತಿಳಿಯಿತು.

ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು, ಐವತ್ತು ದಾಟಿದವರು, ಒಂದು ಗುತ್ತಿಗೆ ಕಂಪನಿಯಲ್ಲಿ ಗಿಡ ನೆಡುವ ಕೆಲಸಕ್ಕೆ ಫೋರ್‌ಮನ್. ನಾನು ಪತ್ರಿಕೆಯ ಡೆಸ್ಕಿನಲ್ಲಿದ್ದೇನೆ ಎಂದೆ.

"ಹಾಗಾದ್ರೆ ಒಮ್ಮೆ ಬಂದು ನೋಡಿ. ಬರೀಬೇಡಿ, ನೋಡಿ ಸಾಕು" ಎಂದರು.

ಹೋದೆ. ರಸ್ತೆ ಕೆಲಸಕ್ಕೆಂದು ಜಲ್ಲಿ ಅಗೆದು ಬಿಟ್ಟಿದ್ದ ದೊಡ್ಡ ಹೊಂಡ ಅದು, ಅಲ್ ಐನ್ ಹೆದ್ದಾರಿಯಿಂದ ಬಹಳ ಒಳಗೆ. ಅದರ ಒಂದು ಇಳಿಜಾರನ್ನು ಕಂಪನಿ ಅವರ ಪ್ರಯೋಗಕ್ಕೆ ಬಿಟ್ಟಿತ್ತು. ಚಳಿಗಾಲದಲ್ಲಿ ನೆಟ್ಟ ಗಿಡ ಮಾರ್ಚ್ ನಂತರ ಹನಿ ನೀರಿಲ್ಲದೆ ಬೇಸಿಗೆ ಕಳೆಯಬೇಕು, ಅಕ್ಟೋಬರ್ ತಪಾಸಣೆಯಲ್ಲಿ ಬದುಕಿರಬೇಕು. ಇಲ್ಲವಾದರೆ ಇಡೀ ಇಳಿಜಾರಿಗೆ ಪೈಪು ಎಳೆದು ಹುಲ್ಲು ಹಾಸುವುದು, ಫೋರ್‌ಮನ್ ಊರಿಗೆ ಹೊರಡುವುದು. ಎರಡೂ ಆಗಲೇ ತೀರ್ಮಾನವಾಗಿದ್ದವು.

ಗಿಡ ಯಾವುದೆಂದರೆ ಇಲ್ಲಿನವರು ಗಾಫ್ ಎನ್ನುವ ಮರ, ನಮ್ಮ ಬನ್ನಿ. ಕೊಳವೆಗಳನ್ನು ತೋಳುದ್ದಕ್ಕೆ ಕತ್ತರಿಸಿ, ಮರಳು ಗೊಬ್ಬರ ತುಂಬಿ, ಬೀಜ ಹಾಕಿ ಬೆಳೆಸಿದ್ದರು. ಪ್ಲಾಸ್ಟಿಕ್ ಚೀಲದಲ್ಲಿ ಬೇರು ತಳ ಮುಟ್ಟಿ ಸುರುಳಿ ಸುತ್ತುತ್ತದೆ, ಉದ್ದ ಕೊಳವೆಯಲ್ಲಿ ನೇರ ಕೆಳಗಿಳಿಯುತ್ತದೆ. ನೆಡುವಾಗ ಕೊಳವೆ ಸಮೇತ ಹೂಳಿದರೆ ರಟ್ಟು ಮಣ್ಣಾಗುತ್ತದೆ. ಬೊಗಸೆಯಷ್ಟೇ ಸೊಪ್ಪಿದ್ದ ಒಂದು ಗಿಡವನ್ನು ಬಿಡಿಸಿ ತೋರಿಸಿದರು. ಬೇರು ನನ್ನ ಮೊಣಕೈ ದಾಟಿತ್ತು.

ಈ ಹಟ ಏಕೆ ಎಂದು ಕೇಳಿದೆ. ಛತ್ತೀಸ್‌ಗಢದ ತೆರೆದ ಕಲ್ಲಿದ್ದಲು ಗಣಿಯಲ್ಲಿ ಅವರು ಹದಿನಾಲ್ಕು ವರ್ಷ ಇದ್ದರಂತೆ. ಕಲ್ಲಿದ್ದಲಿನ ಮೇಲಿನ ಮಣ್ಣು ಕಲ್ಲು ತೆಗೆದು ಪೇರಿಸಿದ ದಿಬ್ಬಗಳ ಮೇಲೆ ಗಿಡ ನೆಡುವುದೇ ಕೆಲಸ.

"ಬೇಗ ಬೆಳೆಯುವ ಗಿಡ ನೆಟ್ಟು, ತಪಾಸಣೆಯ ದಿನದವರೆಗೆ ಟ್ಯಾಂಕರ್ ನೀರು ಕೊಟ್ಟೆವು. ಹಸಿರೇ ಹಸಿರು. ಎಲ್ಲರೂ ಸಹಿ ಹಾಕಿದರು, ನಾನೂ ಹಾಕಿದೆ. ಎರಡು ವರ್ಷ ಬಿಟ್ಟು ನೋಡಿದ್ರೆ ಸೌದೆ!" ಎಂದರು.

ಅಕ್ಟೋಬರ್ ತಪಾಸಣೆಗೆ ನನ್ನನ್ನೂ ಕರೆದಿದ್ದರು. ಮೇಲಿನ ಸಾಲುಗಳನ್ನು ದೂರದಿಂದ ನೋಡಿದರೆ ಏನೂ ಕಾಣದು. ಹತ್ತಿರ ಹೋಗಿ ಬಗ್ಗಿದರೆ ಕಡ್ಡಿ, ಕಡ್ಡಿಗೆ ನಾಲ್ಕಾರು ಎಲೆ. ಆದರೆ ದಾರಿಯಂಚಿನ ಕೆಳಗಿನ ಸಾಲು ಸೊಂಟದೆತ್ತರ ಬೆಳೆದು ತುಂಬಿ ನಿಂತಿತ್ತು. ತಪಾಸಣೆಗೆ ಬಂದ ಜೋರ್ಡಾನಿನ ಇಂಜಿನಿಯರ್ ಮಹಿಳೆ ಕಾರಿಳಿದವರೇ ಅದರ ಫೋಟೊ ತೆಗೆದರು, ಮುಖ ಅರಳಿತು. ಫೋರ್‌ಮನ್ ಮುಖ ಮಾತ್ರ ಗಂಟಿಕ್ಕಿತು.

ಧೂಳು ಏಳದಂತೆ ದಾರಿಗೆ ನೀರು ಸಿಂಪಡಿಸುವ ಟ್ಯಾಂಕರಿನ ಚಾಲಕ ಉಪ್ಪಿನಂಗಡಿ ಕಡೆಯ ಬ್ಯಾರಿ ಮುಸಲ್ಮಾನರು. ಅವರು ಬಾಗಿಲಿಗೆ ಒರಗಿ ನಗುತ್ತಿದ್ದರು.

"ಬ್ಯಾರಿಗಳೇ, ಈ ಸಾಲಿಗೆ ನೀರು ಬಿಟ್ಟಿದ್ದೀರಾ?" ಫೋರ್‌ಮನ್ ಕೇಳಿದರು.

"ಸ್ವಲ್ಪ, ಪೊರ್ಬುಗಳೇ. ವಾರಕ್ಕೊಮ್ಮೆ." ಕರಾವಳಿಯಲ್ಲಿ ಕ್ರೈಸ್ತರನ್ನು ಪೊರ್ಬುಗಳೇ ಎಂದು ಕರೆಯುವುದು ರೂಢಿ.

"ಬೇಸಿಗೆ ಪೂರ್ತಿ?"

"ಮತ್ತೆ ಎಂತ ಮಾಡುದು? ಬೆನ್ನ ಹಿಂದೆ ಟ್ಯಾಂಕರ್ ತುಂಬ ನೀರು ಉಂಟು, ಕಣ್ಣೆದುರು ಗಿಡ ಬಾಡ್ತಾ ಉಂಟು. ನಮ್ಮ ಊರಲ್ಲಿ ಹಾಗೆ ನೋಡಿಕೊಂಡು ಹೋಗುವ ಕ್ರಮ ಉಂಟಾ? ಈಗ ನೋಡಿ, ಪಾಸಾಗ್ಲಿಲ್ವಾ?"

ಮಳೆಯ ಸೀಮೆಯಿಂದ ಬಂದವರ ತಪ್ಪು ಅದು. ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಫೋರ್‌ಮನ್ ಸುಮ್ಮನಿದ್ದಿದ್ದರೆ ಕೆಲಸ ಮುಗಿಯುತ್ತಿತ್ತು. ಅವರು ಇಂಜಿನಿಯರ್ ಬಳಿ ಹೋಗಿ, ತಮಗೆ ಬರುವ ಅಷ್ಟಿಷ್ಟು ಇಂಗ್ಲಿಷಿನಲ್ಲಿ, ಈ ಸಾಲಿಗೆ ನೀರು ಬಿದ್ದಿದೆ, ಇದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಮೇಲಿನದು ಮಾತ್ರ ನನ್ನ ಕೆಲಸ ಎಂದರು. ಹಾರೆ ಹಿಡಿದ ಕೆಲಸದವನೊಬ್ಬನನ್ನು ಕರೆದು ಎರಡು ಗಿಡಗಳ ಬುಡ ಅಗೆಸಿದರು. ಕೆಳಗಿನ ಸಾಲಿನದರ ಬೇರು ಒದ್ದೆ ಮಣ್ಣಿನ ಪದರದಲ್ಲೇ ಅಡ್ಡಡ್ಡ ಹರಡಿತ್ತು. ಮೇಲಿನ ಕಡ್ಡಿಯ ಬೇರು, ಹಾರೆಯವನು ಸೊಂಟದವರೆಗೆ ಗುಂಡಿಗಿಳಿದರೂ, ಇನ್ನೂ ಕೆಳಕ್ಕೇ ಹೋಗುತ್ತಿತ್ತು. ಇಂಜಿನಿಯರ್ ಮಂಡಿಯೂರಿ ಬಹಳ ಹೊತ್ತು ನೋಡಿದರು. ನಾಲ್ಕು ಎಲೆ ನೋಡಿ ಯಶಸ್ವಿ ಎಂದು ಬರೆಯಲಾರೆ, ವಿಫಲ ಎಂದೂ ಬರೆಯಲಾರೆ ಎಂದರು. ಇಳಿಜಾರಿನ ಒಂದು ಬದಿಗೆ ಹುಲ್ಲು, ಇನ್ನೊಂದು ಬದಿಯ ಗಿಡಗಳಿಗೆ ಮತ್ತೊಂದು ಬೇಸಿಗೆಯ ಗಡುವು, ಯಾವ ಸಾಲಿಗೂ ನೀರಿಲ್ಲ. ಇದು ಅವರ ತೀರ್ಮಾನ.

ಚಾಲಕರ ನಗು ಹೋಗಿತ್ತು. "ನನ್ನಿಂದ ಅರ್ಧ ಹೋಯ್ತಲ್ಲ, ಪೊರ್ಬುಗಳೇ. ಇನ್ನು ಈ ದಾರಿಯಲ್ಲಿ ಕಣ್ಣು ಮುಚ್ಚಿಕೊಂಡೇ ಹೋಗ್ತೇನೆ."

"ಬೇಡ ಮಾರಾಯ್ರೆ, ಕಣ್ಣು ತೆರೆದೇ ಹೋಗಿ. ಮುಚ್ಚಿದ್ರೆ ಟ್ಯಾಂಕರನ್ನು ಉಳಿದದ್ದರ ಮೇಲೂ ಹತ್ತಿಸ್ತೀರಿ!"

ಮೂವತ್ತು ವರ್ಷದಿಂದ ನಾನು ಬೇರೆಯವರ ವರದಿ ತಿದ್ದುತ್ತಿದ್ದೇನೆ. ತಮಗೆ ಅನುಕೂಲವಾದ ತಪ್ಪನ್ನು ತಾವೇ ಬೆರಳಿಟ್ಟು ತೋರಿಸಿದವರು ನನಗೆ ಹೆಚ್ಚು ಸಿಕ್ಕಿಲ್ಲ.

ಮರುವರ್ಷ ಅಕ್ಟೋಬರಿನಲ್ಲಿ ಮತ್ತೆ ಹೋದೆ. ಸೊಂಟದೆತ್ತರ ಬೆಳೆದಿದ್ದ ಸಾಲು ಬಹುಪಾಲು ಒಣಗಿತ್ತು. ಮೇಲಿನ ಕಡ್ಡಿಗಳು ಮೊಣಕಾಲಿನಷ್ಟಾಗಿ, ಕೆಲವು ಕವಲೊಡೆದಿದ್ದವು. ನಡುನಡುವೆ ಸತ್ತವೂ ಇದ್ದವು. ಫೋರ್‌ಮನ್ ಸತ್ತವಕ್ಕೆಲ್ಲ ಕೆಂಪು ಬಟ್ಟೆ ಕಟ್ಟಿ ಗುರುತು ಮಾಡಿಟ್ಟಿದ್ದರು. ಇಂಜಿನಿಯರ್ ಮೊದಲು ಆ ಕೆಂಪು ಗುರುತುಗಳ ಬಳಿಯೇ ನಡೆದು, ಒಂದೊಂದನ್ನೂ ನೋಡಿ, ಕೊನೆಗೆ ಕಾರಿನ ಬಾನೆಟ್ ಮೇಲೆ ಕಾಗದವಿಟ್ಟು ಸಹಿ ಹಾಕಿದರು. ಹುಲ್ಲಿನ ಬದಿಯನ್ನೂ ಮುಂದಿನ ಚಳಿಗಾಲಕ್ಕೆ ಗಿಡ ನೆಡಲು ಇವರಿಗೇ ಕೊಡಬೇಕೆಂದು ಅದರಲ್ಲಿ ಬರೆದಿದ್ದರು.

ಫೋರ್‌ಮನ್ ಕಾಗದವನ್ನು ಎರಡು ಸಲ ಓದಿದರು. ನಂತರ ಹುಲ್ಲಿನ ಪೈಪು ಎಲ್ಲಿಂದ ಕೀಳಬೇಕೆಂದು ನೋಡಲು ಇಳಿಜಾರಿನ ಆ ಬದಿಗೆ ನಡೆದರು.