ಕೆರಿ ದಂಡಿಯ ಹೊನಗೊನ್ನಿ

ನಾನು ಮೊದಲನೇ ಬಸುರಿದ್ದಾಗ, ನೋಡ್ಕೊಳ್ಳಾಕಂತ ನಮ್ಮವ್ವ ರಾಯಚೂರಿಂದ ಕಾಚಿಗೂಡ ಸ್ಟೇಷನ್ನಿಗೆ ಬಂದಿಳಿದ್ಲು. ಕುಷಾಯಿಗೂಡದ ನಮ್ಮ ಬಾಡಿಗಿ ಮನಿ ಹಿಂದ ಒಂದು ಕೆರಿ ಇತ್ತು. ಅದರ ದಂಡಿಮ್ಯಾಲ ಹೊನಗೊನ್ನಿ ಪಲ್ಯ ಕಂಡಿದ್ದಽ ತಡ, ಉಡಿತುಂಬ ಕಿತ್ಕೊಂಡು ಬಂದ್ಲು. “ಬಸುರ್ಯಾರಿಗೆ ಭಾಳ ಚಲೋ. ಕೂಸಿನ ಕಣ್ಣು ಚುರುಕಾಗ್ತಾವು. ಇಂಥಾ ತಾಜಾ ತಪ್ಪಲು ಬಿಟ್ಟು ಯಾರರ ಪ್ಯಾಟಿಗೆ ಹೋಗ್ತಾರೇನು?” ಅಂದ್ಲು. ದಿನಾ ರೊಟ್ಟಿ, ದಿನಾ ಅದಽ ಪಲ್ಯ. ನನಗೂ ರುಚಿ ಹತ್ತಿಬಿಟ್ಟಿತ್ತು.

ಒಂದಿನ ಪಲ್ಯ ತೊಳಿಯೂ ಮುಂದ ಬುಟ್ಟ್ಯಾಗಿಂದ ಸಣ್ಣ ಕಪ್ಪಿ ಟಣ್ಣಂತ ಸಿಂಕಿಗೆ ಜಿಗೀತು. ನಾನು ಚಿಟ್ಟನ ಚೀರಿದೆ. ಅವ್ವ ನಕ್ಕಳು. “ಅಯ್ಯ ಹುಚ್ಚಿ, ಕಪ್ಪಿ ಐತಂದ್ರ ನೀರು ಚಲೋ ಐತಂತ ತಿಳಿ.”

ಆದ್ರ ಅದು ಜಿಗಿದಾಗೊಮ್ಮೆ ಒಂದಽ ಕಡೆ ವಾಲಾಕತ್ತಿತ್ತು. ಬಗ್ಗಿ ನೋಡಿದ್ರ, ಹಿಂದಿನ ಒಂದು ಕಾಲು ಮೊಣಕಾಲಿಗೇ ಮುಗಿದಿತ್ತು. ಗಾಯ ಇಲ್ಲ, ರಕ್ತ ಇಲ್ಲ. ಹುಟ್ಟಿದ್ದಽ ಹಂಗ. ಅವ್ವನ ನಗಿ ನಿಂತುಹೋತು.

ಸಂಜಿಗೆ ಇಬ್ಬರೂ ಕೆರಿಗೆ ಹೋದ್ವಿ. ಫ್ಯಾಕ್ಟರಿ ಮೋರಿ ನೀರು ಬಂದು ಸೇರೋ ಕಡೆ ಬಿಳೀ ಬುರುಗು, ಮೂಗಿಗೆ ಹೊಡಿಯೋ ಔಷಧದ ವಾಸನಿ. ಮೀನು ಹೊಟ್ಟಿ ಮ್ಯಾಲ ಮಾಡಿ ತೇಲಾಕತ್ತಿದ್ವು. ಮಳಿಗಾಲದಾಗೂ ಒಂದು ಕಪ್ಪಿ ವಟಗುಟ್ಟಲಿಲ್ಲ. ಹೊನಗೊನ್ನಿ ಮಾತ್ರ ಹಚ್ಚಗ ಹಬ್ಬಿತ್ತು. ಅದಽ ನೀರು ಕುಡಿದ ಪಲ್ಯ ದಿನಾ ತಿಂದೀನಲ್ಲ, ಹೊಟ್ಯಾಗಿನ ಕೂಸಿಗೆ ಏನಾಗಿರಬೇಕು, ದೇವರಽ!

ಸ್ಕ್ಯಾನಿಂಗ್ ಮಾಡಿಸಿದಾಗ ಡಾಕ್ಟರಮ್ಮ ಎಲ್ಲಾ ಸರಿ ಐತಿ ಅಂದ್ರು. ನಾನು ಸುಮ್ಮನಿರಲಿಲ್ಲ. ಕಾಲು ಎರಡೂ ಅದಾವೇನ್ರಿ, ಪೂರ್ತಿ ಅದಾವೇನ್ರಿ ಅಂತ ಹಿಂದಿ, ತೆಲುಗು ಎರಡರಾಗೂ ಕೇಳಿದೆ. ಅವರು ನಕ್ರು. ನನಗ ನಗಿ ಬರಲಿಲ್ಲ.

ಅವ್ವ ಕೆರಿ ಕಡೆ ಹೋಗೋದು ಬಿಟ್ಲು. ಓಣಿಗೆ ಬರೋ ಬಂಡಿಯಾಕಿ ಹತ್ರ ಹೊನಗೊನ್ನಿ ತಗೊಳ್ಳಾಕ ಶುರು ಮಾಡಿದ್ಲು. ತೋಟದ್ದಮ್ಮಾ, ಬೋರ್ ನೀರಿಂದು ಅಂತ ಆಕಿ ಆಣಿ ಮಾಡಿ ಹೇಳಿದ್ಲು. ನನಗೂ ಸ್ವಲ್ಪ ಜೀವ ತಣ್ಣಗಾತು.

ಒಂದು ಮುಂಜಾನಿ ಅವ್ವ ಅಡ್ಡಾಡಿ ಬರ್ತೀನಂತ ಹೋಗಿದ್ಲು. ನಾನು ನಾಷ್ಟಾಕ್ಕ ಕುಂತು ರೊಟ್ಟಿ ಮುರಿದು, ಪಲ್ಯ ಹಚ್ಚಿ ಬಾಯಿಗಿಟ್ಟಿದ್ದೆ. ಅಷ್ಟರಾಗ ಅವ್ವ ಏದುಸಿರು ಬಿಡ್ಕೋತ ಒಳಗ ಬಂದ್ಲು.

“ಆ ಬಂಡಿಯಾಕಿ ನಮ್ಮ ಕೆರ್ಯಾಗನಽ ಇಳಿದು ಕೊಯ್ಯಾಕತ್ತಾಳ!”

ನಾನು ಹುಟ್ಟಿದಾಗಿಂದ ಇನ್ನೊಂದು ತುತ್ತು ಉಣ್ಣವ್ವ ಅಂತ ಬೆನ್ನು ಹತ್ತಿದಾಕಿ, ನನ್ನ ಬಾಯಿ ಮುಂದ ಅಂಗೈ ಒಡ್ಡಿ ನಿಂತ್ಲು. “ಉಗುಳವ್ವ, ಉಗುಳು!”

ನಾನು ನುಂಗಿಬಿಟ್ಟಿದ್ದೆ.