ತುಂಗಾಬಾಯಿಯ ಹತ್ತನೆಯ ಹುಡುಗಿ

ಮಾನ್ವಿಯ ಹೆಣ್ಣುಮಕ್ಕಳ ಶಾಲೆಯ ಹೆಸರೆತ್ತಿದರೆ ಸಾಕು, ಜಯಾಬಾಯಿಗೆ ಮೈಯೆಲ್ಲ ಉರಿ. ಸೊಸೆ ತುಂಗಾಬಾಯಿ ಅಲ್ಲಿ ಪಾಠ ಹೇಳುತ್ತಿದ್ದಳು. ಗಂಡ ಸತ್ತವಳು ಅಡುಗೆಮನೆ ಬಿಟ್ಟು ಊರ ಮಕ್ಕಳ ಮೂಗು ಒರೆಸುವುದೆಂದರೇನು? "ಹಾಳಾಗಿ ಹೋಗ್ಲಿ ಆ ಸಾಲಿ!" ಎಂದು ದಿನಾ ಬೆಳಿಗ್ಗೆ ಶಾಪ ಹಾಕುತ್ತಿದ್ದಳು. ಅದೂ ದೇವರ ಮುಂದೆ ಕೂತುಕೊಂಡೇ, ನಾಚಿಕೆಗೆಟ್ಟ ಮುದುಕಿ!

ತುಂಗಾಬಾಯಿ ದೇವದುರ್ಗದ ಮಾಸ್ತರರೊಬ್ಬರ ಮಗಳು. ಹನ್ನೊಂದಕ್ಕೆ ಮದುವೆಯಾಯಿತು, ಹದಿನಾರಕ್ಕೆ ಗಂಡ ಹೋದ. ಅಂದಿನಿಂದ ಮನೆಯ ಮಡಿ ಅಡುಗೆ ಅವಳ ಕೊರಳಿಗೆ ಬಿತ್ತು. ಮಡಿಯಲ್ಲಿದ್ದವಳನ್ನು ಯಾರೂ ಮುಟ್ಟುವಂತಿಲ್ಲ, ಅವಳೂ ಯಾರನ್ನೂ ಮುಟ್ಟುವಂತಿಲ್ಲ. ಮೈದುನನ ತಾಯಿಯಿಲ್ಲದ ಮಗಳು ಅಹಲ್ಯಾ ಅವಳ ಕೈಯಡುಗೆ ಉಂಡೇ ಆರು ವರ್ಷದವಳಾದಳು. ಆದರೆ ಒಂದು ದಿನವೂ ಆ ಕೂಸನ್ನು ಎತ್ತಿಕೊಳ್ಳಲು ಮುದುಕಿ ಬಿಡಲಿಲ್ಲ. ಇದು ಯಾವ ಸೀಮೆಯ ಧರ್ಮವೋ!

ಶಾಲೆಯಲ್ಲಿ ಮಾತ್ರ ತುಂಗಾಬಾಯಿ ಮೈಲಿಗೆ. ಹತ್ತರಿಂದ ನಾಲ್ಕರವರೆಗೆ ಅವಳನ್ನು ಯಾರು ಬೇಕಾದರೂ ಮುಟ್ಟಬಹುದು. ಹುಡುಗಿಯರು ಹೆಗಲಿಗೆ ಜೋತುಬೀಳುತ್ತಿದ್ದರು. ಪಾಟಿ ತೋರಿಸಲು ಬಂದವರು ತೊಡೆಯ ಮೇಲೇ ಕೂತುಬಿಡುತ್ತಿದ್ದರು. ಅವಳು ಒಬ್ಬೊಬ್ಬರ ಜಡೆ ಹೆಣೆಯುತ್ತಲೇ ಮಗ್ಗಿ ಹೇಳಿಸುತ್ತಿದ್ದಳು, ತಪ್ಪಿದರೆ ಅವರ ಜೊತೆ ತಾನೂ ಬಿದ್ದು ಬಿದ್ದು ನಗುತ್ತಿದ್ದಳು. ಮಕ್ಕಳನ್ನು ಮನೆಯಿಂದ ಕರೆತರುವ ಮಹಬೂಬೀ, "ಬಾಯಾರ, ಮನ್ಯಾಗೂ ಹಿಂಗ ನಗ್ತೀರೇನ್ರಿ?" ಎಂದು ಕೇಳಿದ್ದಳು. ತುಂಗಾಬಾಯಿ ಮುಂದಿನ ಹುಡುಗಿಯ ಜಡೆಗೆ ಕೈ ಹಾಕಿದಳು. ನಾಲ್ಕು ಗಂಟೆಗೆ ಮನೆಗೆ ಹೋಗಿ ಬಾವಿಕಟ್ಟೆಯಲ್ಲಿ ತಲೆಗೆ ನೀರು ಸುರಿದುಕೊಂಡರೆ ಮತ್ತೆ ಮಡಿ.

ನಲವತ್ತೆಂಟರ ಮಳೆಗಾಲಕ್ಕೆ ಆ ಸುಖಕ್ಕೂ ಕಲ್ಲು ಬಿತ್ತು. ಊರೂರು ಲೂಟಿ ಮಾಡುತ್ತಿದ್ದ ರಜಾಕಾರರ ಹೆದರಿಕೆಗೆ ಉಳ್ಳವರೆಲ್ಲ ಗಂಟುಮೂಟೆ ಕಟ್ಟಿ ತುಂಗಭದ್ರೆ ದಾಟಿ ಆದವಾನಿ ಕಡೆ ಹೋದರು. ಮೂವತ್ತು ಹುಡುಗಿಯರಲ್ಲಿ ಉಳಿದವರು ಒಂಬತ್ತು. ರಾಯಚೂರಿನಿಂದ ಹುಕುಂ ಬಂತು: ಗುರುವಾರದ ತಪಾಸಣೆಯಲ್ಲಿ ಹತ್ತು ಮಕ್ಕಳಿಲ್ಲದಿದ್ದರೆ ಶಾಲೆ ಬಂದ್.

ತುಂಗಾಬಾಯಿ ಮನೆಮನೆ ಅಲೆದಳು. ಒಬ್ಬರೂ ಮಗಳನ್ನು ಹೊರಗೆ ಕಳಿಸಲು ಒಪ್ಪಲಿಲ್ಲ. ಕೊನೆಗೆ ಅತ್ತೆಯ ಮುಂದೆ ನಿಂತಳು.

"ಅಹಲ್ಯಾನ್ನ ಕಳಸ್ರಿ, ಅತ್ಯಾ. ಒಂದು ಹುಡುಗಿ ಕಡಿಮಿ ಅದ."

"ಕಂಡಕಂಡವರ ಮೈಗೆ ಮೈ ಹಚ್ಚಿ ಕೂಡ್ಲಿಕ್ಕೆ ನನ್ನ ಮೊಮ್ಮಗಳು ಬೇಕೇನು? ಮುಚ್ಚಲಿ ಬಿಡು. ಶುಕ್ರವಾರದಿಂದ ತೆಪ್ಪಗ ಒಲಿ ಮುಂದ ಕೂಡು."

ಅಹಲ್ಯಾ ಕಂಬದ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಳು.

ಗುರುವಾರ ತಪಾಸಣೆಗೆ ಬಂದ ಅಬ್ದುಲ್ ವಹೀದ್ ಸಾಹೇಬರು ನಗುವನ್ನು ಮನೆಯಲ್ಲೇ ಇಟ್ಟು ಬಂದಂಥ ಮನುಷ್ಯ. ಹಾಜರಿ ಪುಸ್ತಕ ತೆರೆದು ಮಕ್ಕಳನ್ನು ಎಣಿಸಿದರು.

"ಒಂಬತ್ತೇ ಅದಾವಲ್ಲ, ಬಾಯಿ. ಹನ್ನೊಂದರ ತನಕ ನೋಡ್ತೀನಿ. ಆಮ್ಯಾಲ ಬೀಗ."

ಹನ್ನೊಂದಕ್ಕೆ ಇನ್ನೇನು ನಾಲ್ಕು ನಿಮಿಷವಿದೆ ಎನ್ನುವಾಗ ಅಹಲ್ಯಾ ಏದುಸಿರು ಬಿಡುತ್ತ ಒಳಗೆ ನುಗ್ಗಿದಳು. ಬೆನ್ನಿಗೇ ಜಯಾಬಾಯಿ, ಒದ್ದೆ ಸೀರೆಯಲ್ಲಿ, ಮಡಿನೀರಿನ ಕೊಡ ಸೊಂಟದಲ್ಲಿಟ್ಟುಕೊಂಡು! ಬಂದವಳು ಹೊಸ್ತಿಲಾಚೆ ಗಕ್ಕನೆ ನಿಂತಳು. ಒಳಗೆ ಕಾಲಿಟ್ಟರೆ ಮಡಿ ಕೆಡುತ್ತದೆ. ಹುಡುಗಿಯನ್ನು ಎಳೆದೊಯ್ಯಲು ಮುಟ್ಟಲೇಬೇಕು. ಮುಟ್ಟಿದರೆ ನೀರು ಚೆಲ್ಲಬೇಕು, ದೇವರ ನೈವೇದ್ಯ ತಪ್ಪಿಹೋಗುತ್ತದೆ. ಹಾಗೇ ಆಗಬೇಕು ಆ ಮುದುಕಿಗೆ! ಕೈಲಾಗದೆ ಬಾಯಿ ಮಾಡಿದಳು.

"ಹೊರಗ ದಬ್ಬು ಅಕೀನ್ನ! ಇಲ್ಲಂದ್ರ ನೀನೂ ಇವತ್ತಿನಿಂದ ಮನಿ ಹೊಸ್ತಿಲಾ ತುಳೀಬ್ಯಾಡ!"

ಮುದುಕಿ ಆಡಿದ್ದನ್ನು ಮಾಡುವವಳೇ. ದೇವದುರ್ಗದಲ್ಲಿ ತುಂಗಾಬಾಯಿಯ ಅಪ್ಪ ತೀರಿಕೊಂಡಿದ್ದ. ಆ ಮನೆ ಬಿಟ್ಟರೆ ತಲೆಯ ಮೇಲೆ ಬೇರೆ ಸೂರಿರಲಿಲ್ಲ. ಸಾಹೇಬರು ಬೀಗ ಕೈಗೆತ್ತಿಕೊಂಡು ಅವಳ ಮುಖ ನೋಡಿದರು.

ಅಹಲ್ಯಾ ಎರಡು ಮಾರು ದೂರದಲ್ಲಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಕಾಕುವಿನ, ಅಂದರೆ ದೊಡ್ಡಮ್ಮನ, ಹತ್ತಿರ ಹಾಗೆಯೇ ನಿಲ್ಲಬೇಕೆಂದು ಮನೆಯಲ್ಲಿ ಕಲಿಸಿದ್ದರು.

"ಕಾಕೂ, ಇಲ್ಲೆ ನಿನ್ನ ಮುಟ್ಟಬಹುದೇನು?"

ತುಂಗಾಬಾಯಿ ಕೂಸನ್ನು ಬಾಚಿ ಎತ್ತಿಕೊಂಡಳು. ಅತ್ತೆಯ ಕಣ್ಣೆದುರೇ ಎದೆಗೊತ್ತಿಕೊಂಡಳು. ಹೊರಗೆ ಬೈಗುಳ ಸುರಿಯುತ್ತಲೇ ಇತ್ತು.

"ಹತ್ತಾತ್ರಿ ಸಾಹೇಬ್ರ," ಎಂದಳು. "ಬರಕೋರಿ."